ಎರಡನೇ ನಂಬರ್

ನನ್ನ ಹೆಂಡತಿ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, ಮೊದಲೆಲ್ಲ ‘ಕಂಪ್ಯೂಟರ್ ಕೆಲಸ’ ಎಂದು ಹೇಳಿ ಮಾತು ಮುಗಿಸಿಬಿಡುತ್ತಿದ್ದೆ. ನಾನು ಶಾಲೆಯ ಬಸ್ಸು ಓಡಿಸುವವನು. ಬ್ರೇಕು, ಗೇರು, ಹಿಂದಿನ ಸೀಟಿನಲ್ಲಿ ಯಾರು ಯಾರ ಜಡೆ ಎಳೆದರು, ಇಷ್ಟು ನನಗೆ ಅರ್ಥವಾಗುತ್ತದೆ. ಒಂದು ಭಾನುವಾರ ಅವಳೇ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದಳು. ಅವಳ ಆಫೀಸಿನವರು ವೆಬ್‌ಸೈಟು ಕಟ್ಟುತ್ತಾರೆ. ಕಟ್ಟಿದ್ದರಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕುವುದು ಇವಳ ಉದ್ಯೋಗ.

“ತಪ್ಪು ಹುಡುಕಿದ್ದಕ್ಕೆ ಸಂಬಳ ಕೊಡ್ತಾರಾ? ಮನೇಲಿ ಇಷ್ಟು ವರ್ಷ ಪುಕ್ಕಟೆ ಮಾಡ್ತಿದ್ದೀಯಲ್ಲೇ!” ಎಂದೆ. ಎರಡು ದಿನ ನನ್ನ ಚಹಾಕ್ಕೆ ಸಕ್ಕರೆ ಬೀಳಲಿಲ್ಲ.

ಆ ಹುಡುಕಾಟವನ್ನೂ ಅವಳು ಕೂತು ಕೈಯಾರೆ ಮಾಡುವುದಿಲ್ಲ, ಯಂತ್ರಕ್ಕೆ ಹೇಳಿಕೊಟ್ಟಿದ್ದಾಳೆ. ಇಲ್ಲದ ಒಬ್ಬ ಹೆಂಗಸನ್ನು ಹುಟ್ಟಿಸಿ, ಅವಳಿಗೊಂದು ಪಾಸ್‌ವರ್ಡು, ಒಂದು ಫೋನ್ ನಂಬರು ಕೊಟ್ಟು ಸೈಟಿನೊಳಗೆ ಓಡಾಡಲು ಬಿಟ್ಟಿದ್ದಾಳೆ. ಆ ಇಲ್ಲದ ಹೆಂಗಸಿಗೆ ಆಫೀಸಿನಲ್ಲಿ ‘ಟೆಸ್ಟಮ್ಮ’ ಎಂದು ಹೆಸರು. ಟೆಸ್ಟಮ್ಮ ಹೋದ ಕಡೆಯಲ್ಲೆಲ್ಲ ಕೆಲಸ ಸುಸೂತ್ರವಾದರೆ ಪರದೆಯ ಮೇಲೆ ಹಸಿರು ಗೆರೆ, ಎಡವಿದರೆ ಕೆಂಪು ಗೆರೆ. ಸಂಜೆ ಮನೆಗೆ ಬಂದವಳನ್ನು “ನಿನ್ನ ಟೆಸ್ಟಮ್ಮ ಹೇಗಿದಾಳೆ?” ಎಂದು ಕೆಣಕುವುದು ನನ್ನ ಅಭ್ಯಾಸ. “ನಿಮಗಿಂತ ವಾಸಿ. ಹೇಳಿದ ಮಾತು ಕೇಳ್ತಾಳೆ” ಎನ್ನುವುದು ಅವಳ ಉತ್ತರ.

ಆದರೆ ಈ ಟೆಸ್ಟಮ್ಮ ಬಾಗಿಲಿನಿಂದ ಒಳಗೆ ಹೋಗುವುದು ಅಪರೂಪ. ಪ್ರತಿ ಪರೀಕ್ಷೆಗೂ ಪಾಸ್‌ವರ್ಡು ಹಾಕಿ, ಫೋನಿಗೆ ಬಂದ ನಂಬರು ಹಾಕಿ ಲಾಗಿನ್ ಆಗುತ್ತ ಕೂತರೆ ದಿನವೆಲ್ಲ ಅದೇ ಆಗುತ್ತದಂತೆ. ಅದಕ್ಕೆ ‘ಇವಳು ಆಗಲೇ ಒಳಗಿದ್ದಾಳೆ ಅಂದುಕೋ’ ಎಂದು ಯಂತ್ರಕ್ಕೆ ಹೇಳಿ ಅವಳನ್ನು ನೇರವಾಗಿ ನಡುಮನೆಯಲ್ಲಿ ಕೂರಿಸಿಬಿಡುತ್ತಾರೆ. ಬಾಗಿಲನ್ನು ನೋಡಿಕೊಳ್ಳಲು ಬೇರೆಯೇ ಒಂದು ಪರೀಕ್ಷೆ ಇತ್ತು. ಅದರದ್ದು ಮೊಂಡಾಟ. ಒಂದು ದಿನ ಹಸಿರು, ಇನ್ನೊಂದು ದಿನ ಸುಮ್ಮಸುಮ್ಮನೆ ಕೆಂಪು. ಯಂತ್ರಕ್ಕೆ ಕೆಲಸ ಹೆಚ್ಚಾಗಿ ನಿಧಾನವಾದಾಗ ನಂಬರಿನ ಅವಧಿ ಮುಗಿದುಹೋಗುತ್ತಿತ್ತಂತೆ. ನನ್ನವಳು ಅದಕ್ಕೂ ಮದ್ದು ಕಂಡುಹಿಡಿದಳು. ಆ ಪರೀಕ್ಷೆ ನಡೆಯುವಷ್ಟು ಹೊತ್ತು ಗಡಿಯಾರವನ್ನೇ ನಿಲ್ಲಿಸಿಬಿಡುವುದು. ನಿಜವಾದ ಗಡಿಯಾರವಲ್ಲ, ಟೆಸ್ಟಮ್ಮನ ಲೋಕದ ಗಡಿಯಾರ. ಅವಳು ಎಷ್ಟೇ ಹೊತ್ತು ಮಾಡಲಿ, ಅಲ್ಲಿ ಮುಳ್ಳು ಅಲ್ಲಾಡುವುದಿಲ್ಲ. ಆವತ್ತಿನಿಂದ ಎಲ್ಲ ಹಸಿರೇ ಹಸಿರು. ಆಫೀಸಿನ ಮುಖ್ಯಸ್ಥ, ಬೆನ್ನ ಹಿಂದೆ ಎಲ್ಲರೂ ‘ಅರ್ಜೆಂಟು’ ಎಂದು ಕರೆಯುವಾತ, ಅವಳಿಗೆ ಚಪ್ಪಾಳೆ ತಟ್ಟಿಸಿದನಂತೆ. ಇಂಥ ಉಪಾಯವನ್ನು ಈ ಕಸುಬಿನವರೆಲ್ಲ ಮಾಡುತ್ತಾರೆ, ಅದರಲ್ಲಿ ಕಳ್ಳತನವೇನೂ ಇಲ್ಲ ಎಂದು ಅವಳು ಹೇಳಿದಳು. ನಾನು ನಂಬಿದೆ, ಈಗಲೂ ನಂಬುತ್ತೇನೆ.

ಇಷ್ಟೆಲ್ಲ ಯಾಕೆ ಹೇಳಬೇಕಾಯಿತೆಂದರೆ, ದೊಡ್ಡಮ್ಮನ ತಲೆ ಮೊದಲಿನಂತೆ ನೆಟ್ಟಗಿದೆಯೋ ಇಲ್ಲವೋ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದದ್ದು ಈ ಗಡಿಯಾರದಿಂದಲೇ.

ದೊಡ್ಡಮ್ಮ ಎಂದರೆ ನನ್ನ ಹೆಂಡತಿಯ ತಾಯಿಯ ಅಕ್ಕ. ಇವಳು ಚಿಕ್ಕವಳಿದ್ದಾಗಲೇ ತಾಯಿ ತೀರಿಕೊಂಡರು. ಹಾಲು ಕುಡಿಸಿ, ಜಡೆ ಹಾಕಿ, ಓದಿಸಿ, ನನ್ನಂಥವನ ಕೈಗೆ ಒಪ್ಪಿಸಿದ್ದು ದೊಡ್ಡಮ್ಮನೇ. ಕೊನೆಯದರ ಬಗ್ಗೆ ಆಕೆಗೆ ಸ್ವಲ್ಪ ಪಶ್ಚಾತ್ತಾಪವಿದೆ ಎಂದು ನನ್ನ ಅನುಮಾನ. ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಯಾರ ಮನೆಯ ನಂಬರು ಎಷ್ಟು ಎಂಬುದು ಆ ಕಾಲದಲ್ಲಿ ಆಕೆಯ ನಾಲಿಗೆಯ ತುದಿಯಲ್ಲಿತ್ತು. ನಿವೃತ್ತಿಯಾದ ಮೇಲೂ ಸುಮ್ಮನೆ ಕೂರಲಿಲ್ಲ. ದೊಡ್ಡ ಆಸ್ಪತ್ರೆಯ ವಿಚಾರಣಾ ಫೋನಿನ ಮುಂದೆ ಬೆಳಗಿನ ಹೊತ್ತು ಕೂರುವ ಕೆಲಸ ಹಿಡಿದರು. ನಮ್ಮವರು ಯಾವ ವಾರ್ಡಿನಲ್ಲಿದ್ದಾರೆ, ಬದುಕಿದ್ದಾರಾ ಎಂದು ಕೇಳುತ್ತ ಗಾಬರಿಯಲ್ಲಿ ಫೋನು ಮಾಡುವವರಿಗೆ ಉತ್ತರ ಹೇಳುವುದು. ಆ ಕುರ್ಚಿಯೆಂದರೆ ಆಕೆಗೆ ಜೀವ.

ಹೋದ ವರ್ಷ ದೊಡ್ಡಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ನಾಲಿಗೆ ತೊದಲಿತು. ನಾಲಿಗೆ ಬೇಗ ವಾಪಸು ಬಂತು. ನನ್ನ ಅಡುಗೆಯನ್ನು ಮೊದಲಿನಷ್ಟೇ ಚೊಕ್ಕವಾಗಿ ಬೈಯತೊಡಗಿದಾಗ ನಮಗೆ ಧೈರ್ಯ ಬಂತು. ಕೈ ಮಾತ್ರ ನಿಧಾನ. ಆಸ್ಪತ್ರೆಯವರು ಒಳ್ಳೆಯವರು. ಆಕೆಗೆ ಕೈಯ ವ್ಯಾಯಾಮ ಮಾಡಿಸುತ್ತಿದ್ದ ಚಿಕಿತ್ಸಾ ಕೇಂದ್ರದವರು ‘ತಲೆ ಸರಿಯಿದೆ, ಕೈ ಸಾಕಷ್ಟು ಆಡುತ್ತದೆ’ ಎಂದು ಹೇಳಿದ ದಿನ ಬನ್ನಿ, ಕುರ್ಚಿ ನಿಮ್ಮದೇ ಎಂದಿದ್ದರು. ದೊಡ್ಡಮ್ಮ ಆ ದಿನಕ್ಕೆ ಕಾಯುತ್ತ ನಮ್ಮ ಮನೆಯಲ್ಲಿದ್ದರು.

ಆ ಕೇಂದ್ರದ ವ್ಯಾಯಾಮಗಳೆಲ್ಲ ಒಂದು ಸೈಟಿನಲ್ಲಿ. ದಿನವೂ ಮನೆಯಲ್ಲೇ ಅದರೊಳಗೆ ಹೋಗಿ ಬೆರಳಿನ ಆಟ, ನೆನಪಿನ ಆಟ ಆಡಬೇಕು. ಅಲ್ಲಿಯ ಥೆರಪಿಸ್ಟ್ ಹುಡುಗಿ ಅದನ್ನು ತನ್ನ ಕೋಣೆಯಲ್ಲಿ ಕೂತು ನೋಡುತ್ತಾಳೆ. ಕಟ್ಟಿದವರು ನನ್ನ ಹೆಂಡತಿಯ ಆಫೀಸಿನವರೇ. “ನಮ್ಮ ಪುಟ್ಟಿ ನೋಡಿದ ಸೈಟು” ಎಂದು ದೊಡ್ಡಮ್ಮ ಜಂಬದಿಂದ ಶುರು ಮಾಡಿದರು.

ಮೊದಲ ದಿನವೇ ಒಳಗೆ ಹೋಗಲಾಗಲಿಲ್ಲ.

ಮಧ್ಯಾಹ್ನ ಬಸ್ಸಿನ ಕೆಲಸವಿಲ್ಲದ ಹೊತ್ತಿನಲ್ಲಿ ಮನೆಯಲ್ಲಿರುವವನು ನಾನು, ಹಾಗಾಗಿ ನೋಡಿದವನೂ ನಾನೇ. ದೊಡ್ಡಮ್ಮ ಎಡಗೈಯಿಂದ ಪಾಸ್‌ವರ್ಡು ಒತ್ತುತ್ತಿದ್ದರು. ಫೋನು ಟಿಂಗ್ ಎನ್ನುತ್ತಿತ್ತು. ಕನ್ನಡಕ ಹುಡುಕಿ ಹಾಕಿಕೊಂಡು, ಫೋನನ್ನು ಬಲಗೈಯಲ್ಲೇ ಹಿಡಿಯಬೇಕೆಂದು ಹಟ ಮಾಡಿ, ಅದು ಜಾರಿ ಮಡಿಲಿಗೆ ಬಿದ್ದು, ಮತ್ತೆ ಎತ್ತಿ, ಬಂದ ಆರಂಕಿಯ ನಂಬರನ್ನು ಒಂದೊಂದಾಗಿ ಜೋರಾಗಿ ಓದುತ್ತಿದ್ದರು. ಎಕ್ಸ್‌ಚೇಂಜಿನ ಅಭ್ಯಾಸ. ಬಾಯಲ್ಲಿ ಹೇಳದೆ ನಂಬರು ಒತ್ತುವುದು ಆಕೆಯ ಪ್ರಕಾರ ಬೇಜವಾಬ್ದಾರಿ. ಅಷ್ಟರಲ್ಲಿ ಒಂದು ನಿಮಿಷ ಮುಗಿದಿರುತ್ತಿತ್ತು. ‘ಅವಧಿ ಮುಗಿದಿದೆ, ಹೊಸ ಸಂಖ್ಯೆ ಬೇಕೇ?’ ಎಂದು ಪರದೆ ಕೇಳುತ್ತಿತ್ತು. ಬೇಕು ಎಂದು ಒತ್ತಿದರೆ ಇನ್ನೊಂದು ನಂಬರು ಬರುತ್ತಿತ್ತು. ಈ ಸಲ ಕನ್ನಡಕ ಮೂಗಿನ ಮೇಲೇ ಇದ್ದುದರಿಂದ ಬೇಗ ಒತ್ತುತ್ತಿದ್ದರು.

‘ನೀವು ನಮೂದಿಸಿದ ಸಂಖ್ಯೆ ತಪ್ಪಾಗಿದೆ.’

“ರಾಂಗ್ ನಂಬರಂತೆ!” ದೊಡ್ಡಮ್ಮ ನನ್ನ ಕಡೆ ತಿರುಗಿ ನಕ್ಕರು. “ನನಗೆ ರಾಂಗ್ ನಂಬರ್ ಅನ್ನುತ್ತಲ್ಲ ಅಳಿಯಂದ್ರೇ, ಎಷ್ಟು ಕೊಬ್ಬು ಇದಕ್ಕೆ!”

ಮೂರು ಸಲ ತಪ್ಪಾದರೆ ಆ ದಿನಕ್ಕೆ ಬಾಗಿಲು ಬಂದ್. ಮರುದಿನವೂ ಹಾಗೇ ಆಯಿತು. ಒಂದೊಂದು ದಿನ, ಎಲ್ಲ ಕೂಡಿಬಂದು, ಮೊದಲ ನಂಬರನ್ನೇ ನಿಮಿಷದೊಳಗೆ ಒತ್ತಿದಾಗ ಬಾಗಿಲು ತೆರೆಯುತ್ತಿತ್ತು. ಹಾಗಾಗಿ ದೋಷ ಸೈಟಿನದು ಎನ್ನುವಂತೆಯೂ ಇರಲಿಲ್ಲ. ನಗು ಕಡಿಮೆಯಾಗುತ್ತ ಬಂತು. ದೊಡ್ಡಮ್ಮ ಒತ್ತಿದ ಮೇಲೆ ಫೋನು ನೋಡುವುದು, ಪರದೆ ನೋಡುವುದು, ಮತ್ತೆ ಫೋನು ನೋಡುವುದು ಶುರುವಾಯಿತು. ಒಂದು ದಿನ ನನ್ನನ್ನು ಕರೆದರು. ಧ್ವನಿ ಸಣ್ಣಗಿತ್ತು.

“ಇಲ್ಲಿ ಏನಿದೆ ಓದಿ.”

ಓದಿದೆ.

“ನಾನು ಒತ್ತಿರೋದು?”

ಅದನ್ನೂ ಓದಿದೆ. ಎರಡೂ ಒಂದೇ ಆಗಿತ್ತು. ನಾನು ಕಣ್ಣಾರೆ ನೋಡಿದೆ. ಪರದೆ ಮಾತ್ರ ತಪ್ಪು ಎನ್ನುತ್ತಿತ್ತು.

ಸಂಜೆ ಹೆಂಡತಿಗೆ ಹೇಳಿದೆ. ಅವಳು ಚಪ್ಪಲಿ ಬಿಡುತ್ತ, “ಹೊಸ ನಂಬರ್ ಬಂದ ಮೇಲೆ ಹಳೇದನ್ನ ನೋಡಿ ಒತ್ತಿರ್ತಾಳೆ. ಎರಡೂ ಒಂದರ ಕೆಳಗೊಂದು ಇರುತ್ತೆ ನೋಡಿ” ಎಂದಳು.

“ಹೊಸದನ್ನೇ ಒತ್ತಿದ್ರು ಕಣೇ. ನಾನೇ ನೋಡ್ದೆ.”

“ರೀ, ಬಾಗಿಲಿನ ಪರೀಕ್ಷೆ ದಿನಾ ಓಡುತ್ತೆ. ದಿನಾ ಹಸಿರು. ಸಾವಿರಾರು ಜನ ಒಳಗೆ ಹೋಗ್ತಿದಾರೆ. ನೀವು ಅವಳ ಮೇಲಿನ ಪ್ರೀತಿಗೆ ಹಾಗೆ ಹೇಳ್ತಿದೀರಿ.”

ಮಾತಿಗೆ ಮಾತು ಬೆಳೆಯಿತು. ಕೊನೆಗೆ ನನಗೇ ಅನುಮಾನ ಬಂತು. ಹಳೆಯ ನಂಬರನ್ನೇ ಓದಿದೆನೇನೋ, ನನ್ನ ಕಣ್ಣೇ ಕೈಕೊಟ್ಟಿತೇನೋ. ಹೆತ್ತವರು ಇಡೀ ಬಸ್ಸಿನ ಮಕ್ಕಳನ್ನು ನಂಬಿ ಒಪ್ಪಿಸುವುದು ನನ್ನ ಕೈಗೆ, ಆರು ಅಂಕಿ ನೆಟ್ಟಗೆ ಓದಲಾರೆನೇ ಎಂದು ಸಿಟ್ಟೂ ಬಂತು. ಸಿಟ್ಟು ಬಂದದ್ದು ಯಾರ ಮೇಲೆ ಎಂದು ಗೊತ್ತಾಗದೆ ಊಟ ಮಾಡಿ ಮಲಗಿದೆ.

ಆ ವಾರ ಥೆರಪಿಸ್ಟ್ ಫೋನು ಮಾಡಿದಳು. ಸಣ್ಣ ವಯಸ್ಸಿನವಳು, ಮಾತು ಮೆತ್ತಗೆ. ಬೇಸರ ಮಾಡಿಕೊಳ್ಳಬೇಡಿ ಎಂದು ಶುರು ಮಾಡಿ, ಅಮ್ಮನವರು ಪದೇಪದೇ ತಪ್ಪು ಸಂಖ್ಯೆ ಹಾಕುತ್ತಿರುವುದು ತನಗೆ ಕಾಣುತ್ತಿದೆ, ಕೈಗಿಂತ ನೆನಪಿನದೇ ತೊಂದರೆ ಇರಬಹುದು, ಆಸ್ಪತ್ರೆಗೆ ಉತ್ತರ ಕೊಡುವ ಮೊದಲು ಒಂದು ಮರೆವಿನ ಪರೀಕ್ಷೆ ಮಾಡಿಸೋಣ ಎಂದಳು. ಫೋನು ಸ್ಪೀಕರಿನಲ್ಲಿತ್ತು. ದೊಡ್ಡಮ್ಮ ಪಕ್ಕದಲ್ಲೇ ಕೂತು ಬಟಾಣಿ ಬಿಡಿಸುತ್ತಿದ್ದರು. ಒಂದು ಕಾಳೂ ಕೆಳಗೆ ಬೀಳಲಿಲ್ಲ. ಕೈ ಮಾತ್ರ ನಿಂತಿತು.

ಅಂದು ಸಂಜೆ ನನ್ನ ಹೆಂಡತಿ ಒಂದು ಕೆಲಸ ಮಾಡಿದಳು. ಅವಳು ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ. “ಬಾ ದೊಡ್ಡಮ್ಮ, ನಿಧಾನಕ್ಕೆ ತೋರಿಸ್ತೀನಿ” ಎಂದು ಕಂಪ್ಯೂಟರಿನ ಮುಂದೆ ಕೂರಿಸಿಕೊಂಡಳು. ಪಾಸ್‌ವರ್ಡು ತಾನೇ ಒತ್ತಿದಳು. ಫೋನು ಟಿಂಗ್ ಎಂದಿತು. ಒಂದು ಸಲ ಕಣ್ಣು ಹಾಯಿಸಿ ಟಕಟಕ ಒತ್ತಿದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಾಗಿಲು ತೆರೆಯಿತು.

“ನೋಡು, ಬಂತಲ್ಲ? ಅಷ್ಟೇ. ಈಗ ನೀನು ಆಡು.”

ದೊಡ್ಡಮ್ಮ ಪರದೆ ನೋಡಲಿಲ್ಲ. ಆಕೆ ನೋಡುತ್ತಿದ್ದುದು ಇವಳ ಬೆರಳುಗಳನ್ನು.

“ನೀನು ಹೋದೆ ಪುಟ್ಟಿ. ನನ್ನ ಹೆಸರಲ್ಲಿ ನೀನು ಹೋದೆ. ನಾನು ಹೋಗಲಿಲ್ಲ” ಎಂದು ಎದ್ದು ತಮ್ಮ ಕೋಣೆಗೆ ಹೋದರು.

ಮರುದಿನ ನಾನು ಬಸ್ಸು ಬಿಟ್ಟು ಬರುವಷ್ಟರಲ್ಲಿ ಆಕೆ ತಾವೇ ಆಸ್ಪತ್ರೆಗೆ ಫೋನು ಮಾಡಿ ಮುಗಿಸಿದ್ದರು. ಕುರ್ಚಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದಿದ್ದರು.

“ಯಾಕೆ ದೊಡ್ಡಮ್ಮ ಹಾಗಂದ್ರಿ?”

“ಯಾರದೋ ಮಗ ಐಸಿಯುನಲ್ಲಿರ್ತಾನೆ. ಯಾರೋ ತಾಯಿ ಫೋನ್ ಮಾಡ್ತಾಳೆ. ನಾನು ಇನ್ಯಾವುದೋ ವಾರ್ಡಿಗೆ ಲೈನ್ ಕೊಟ್ಟು, ಅಲ್ಲಿಯವರು ಇನ್ನೇನೋ ಹೇಳಿದ್ರೆ? ನಂಬರ್ ತಪ್ಪೋಳು ಆ ಕುರ್ಚೀಲಿ ಕೂರಬಾರದು.” ಸೋತ ಕೈಯನ್ನು ನೋಡಿಕೊಂಡು ಹೇಳಿದರು. “ಕೈ ಹೋದಾಗ ನನಗೆ ಇಷ್ಟು ಭಯ ಆಗಿರಲಿಲ್ಲ. ನಾನು ನೋಡಿದ್ದು ನಿಜವೋ ಸುಳ್ಳೋ ನನಗೇ ಗೊತ್ತಾಗದೇ ಹೋದ್ರೆ ಹೇಗೆ ಬದುಕೋದು?”

ನಾನು ಹೋಗಿ ಆಕೆಯ ಪಕ್ಕದಲ್ಲಿ ಕೂತೆ.

ಈ ಸುದ್ದಿ ಕೇಳಿದ ಮೇಲೆ ನನ್ನ ಹೆಂಡತಿಗೆ ಊಟ ಸೇರಲಿಲ್ಲ. ಶನಿವಾರ ಮಧ್ಯಾಹ್ನ ದೊಡ್ಡಮ್ಮ ಮಲಗಿದ್ದಾಗ ಅವಳು ಒಂದು ಟವೆಲ್ ತಂದು ನನ್ನ ಮುಂದೆ ಹಿಡಿದಳು.

“ನನ್ನ ಬಲಗೈ ಕಟ್ಟಿ.”

“ಯಾಕೆ, ಹೊಡೀತೀನಿ ಅಂತ ಭಯವಾ?”

“ತಮಾಷೆ ಬೇಡ ಕಣ್ರೀ. ಅವಳು ಎಲ್ಲಿ ತಪ್ಪು ಮಾಡ್ತಾಳೆ ಅಂತ ನೋಡ್ಬೇಕು. ಅವಳ ಹಾಗೇ ಮಾಡಿ ನೋಡ್ತೀನಿ. ಗೊತ್ತಾದ್ರೆ ಸೈಟಲ್ಲಿ ಅದಕ್ಕೆ ಏನಾದ್ರೂ ಸಹಾಯ ಇಡಬಹುದು.”

ಅವಳ ಬಲಗೈಯನ್ನು ಸೊಂಟಕ್ಕೆ ಸೇರಿಸಿ ಕಟ್ಟಿದೆ. ಎಡಗೈಯಲ್ಲಿ ಪಾಸ್‌ವರ್ಡು ಒತ್ತಿ, ನಂಬರು ಒತ್ತಿದಳು. ಬಾಗಿಲು ತೆರೆಯಿತು. ಹೊರಗೆ ಬಂದು ಮತ್ತೆ ಮಾಡಿದಳು. ಮತ್ತೆ ತೆರೆಯಿತು. ಅವಳ ಎಡಗೈ ಕೂಡ ನನ್ನ ಬಲಗೈಗಿಂತ ಚುರುಕು.

“ಹೀಗಲ್ಲ” ಎಂದು ತಾನೇ ತಲೆಯಾಡಿಸಿದಳು. “ಅವಳು ಮೊದಲು ಏನು ಮಾಡ್ತಾಳೆ? ಹೇಳಿ.”

ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ. ಕನ್ನಡಕ ಇನ್ನೊಂದು ಕೋಣೆಯಲ್ಲಿರುತ್ತದೆ ಎಂದೆ. ಅವಳು ದೊಡ್ಡಮ್ಮನ ಕನ್ನಡಕವನ್ನು ಅಲ್ಲಿಟ್ಟು ಬಂದಳು. ಫೋನು ಮಡಿಲಿಗೆ ಬೀಳುತ್ತದೆ ಎಂದೆ. ಬೀಳಿಸಿಕೊಂಡಳು. ಒಂದೊಂದು ಅಂಕಿಯನ್ನೂ ಜೋರಾಗಿ ಹೇಳುತ್ತಾರೆ ಎಂದೆ. ಆಗ ಅವಳ ಮುಖ ಬದಲಾಯಿತು. ಆ ಹೇಳುವ ರೀತಿಯನ್ನು ಕೇಳಿಕೊಂಡೇ ಬೆಳೆದವಳು ಅವಳು. ಫೋನು ಟಿಂಗ್ ಎಂದಾಗ ಎದ್ದು ಹೋಗಿ ಕನ್ನಡಕ ತಂದು, ದೊಡ್ಡಮ್ಮನ ಧಾಟಿಯಲ್ಲೇ, ಅಂಕಿಗೊಂದು ಉಸಿರು ಬಿಟ್ಟು, ಜೋರಾಗಿ ಓದತೊಡಗಿದಳು. ಓದಿ ಮುಗಿಸುವ ಮೊದಲೇ ಅವಧಿ ಮುಗಿಯಿತು.

ಹೊಸ ನಂಬರು ಕೇಳಿದಳು. ಬಂತು. ಓದಿ ಒತ್ತಿದಳು.

‘ನೀವು ನಮೂದಿಸಿದ ಸಂಖ್ಯೆ ತಪ್ಪಾಗಿದೆ.’

ಅವಳು ಫೋನು ನೋಡಿದಳು, ಪರದೆ ನೋಡಿದಳು, ಮತ್ತೆ ಫೋನು ನೋಡಿದಳು. ದೊಡ್ಡಮ್ಮ ನೋಡುತ್ತಿದ್ದ ಹಾಗೆಯೇ. ಮತ್ತೆ ಒತ್ತಿದಳು. ತಪ್ಪು. ಮೂರನೇ ಸಲವೂ ತಪ್ಪು. ಬಾಗಿಲು ಬಂದ್.

“ಕೈ ಬಿಚ್ಚಿ” ಎಂದಳು. ಬಿಚ್ಚಿದೆ. ಆಫೀಸಿನ ಲ್ಯಾಪ್‌ಟಾಪು ತೆಗೆದು ಏನನ್ನೋ ಹುಡುಕುತ್ತ ಕೂತಳು. ಹುಡುಕಾಟ ಬಹಳ ಹೊತ್ತು ಹಿಡಿಯಲಿಲ್ಲ. ತಪ್ಪು ಇದ್ದದ್ದು ಒಂದೇ ಸಾಲಿನಲ್ಲಿ. ಎರಡನೇ ನಂಬರು ಕೇಳಿದರೆ ಸೈಟು ಹೊಸದನ್ನು ಕಳಿಸುತ್ತಿತ್ತು, ಆದರೆ ತಾಳೆ ನೋಡುವುದು ಹಳೆಯದರ ಜೊತೆಗೇ. ಅಂದರೆ ಒಂದು ನಿಮಿಷದಲ್ಲಿ ಮುಗಿಸಲಾಗದವರು ಆಮೇಲೆ ಎಷ್ಟು ಸರಿಯಾಗಿ ಒತ್ತಿದರೂ ಒಳಗೆ ಹೋಗುವ ಹಾಗೇ ಇಲ್ಲ. ಚುರುಕು ಕೈಯವರಿಗೆ ಎರಡನೇ ನಂಬರಿನ ಅಗತ್ಯವೇ ಬೀಳದು. ಟೆಸ್ಟಮ್ಮನಿಗಂತೂ ಗಡಿಯಾರವೇ ನಿಂತಿದೆ.

“ನಾನೇ ನಿಲ್ಲಿಸಿದ್ದು ಕಣ್ರೀ” ಎಂದು ಹೇಳಿ ಅವಳು ಲ್ಯಾಪ್‌ಟಾಪಿನ ಮೇಲೆ ತಲೆಯಿಟ್ಟು ಅತ್ತಳು. “ಅವಳ ಕಣ್ಣೆದುರಿಗೇ ನಾನು ಟಕಟಕ ಒತ್ತಿ ಒಳಗೆ ಹೋಗಿ ತೋರಿಸ್ದೆ.”

ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಬೆನ್ನು ಸವರುತ್ತ ನಿಂತೆ. ದೊಡ್ಡಮ್ಮ ಎದ್ದ ಕೂಡಲೇ ಇಬ್ಬರೂ ಓಡಿ ಹೋಗಿ ಹೇಳಿದೆವು. ನಿಮ್ಮ ತಲೆ ಸರಿಯಿದೆ, ನಂಬರು ಸರಿಯಿತ್ತು, ತಪ್ಪು ಸೈಟಿನದು ಎಂದು ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬಂದು ಹೇಳಿದೆವು. ಆಕೆ ಹಾಸಿಗೆಯ ಅಂಚಿನಲ್ಲಿ ಕೂತು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎಡಗೈಯಿಂದ ಇವಳ ಗಲ್ಲ ಮುಟ್ಟಿದರು.

“ನಿನ್ನ ಅಮ್ಮ ಹೋದಾಗ ನಿನಗೆ ನಾನೇನು ಹೇಳಿದ್ದೆ ನೆನಪಿದೆಯಾ? ಅಮ್ಮ ಊರಿಗೆ ಹೋಗಿದಾಳೆ, ಬರ್ತಾಳೆ ಅಂತ. ಎಷ್ಟು ದಿನ ಹೇಳ್ದೆ! ನಿನ್ನ ಮುಖ ನೋಡೋಕಾಗದೆ ಹೇಳ್ದೆ. ಈಗ ನೀನು ನನಗೆ ಹೇಳ್ತಿದೀಯ. ಬಿಡು ಪುಟ್ಟಿ. ನಾನು ತಡ್ಕೋತೀನಿ.”

ಎಷ್ಟು ಹೇಳಿದರೂ ನಂಬಲಿಲ್ಲ. ನಂಬುವುದಾದರೂ ಹೇಗೆ? ತಪ್ಪು ಸರಿಪಡಿಸಿ ನಾಳೆ ಬಾಗಿಲು ತೆರೆದು ತೋರಿಸಿದರೂ, ಮುದುಕಿಗಾಗಿ ಬಾಗಿಲನ್ನೇ ದೊಡ್ಡದು ಮಾಡಿದರು ಎಂದುಕೊಳ್ಳುತ್ತಿದ್ದರು. ನನ್ನ ಮಾತಿಗಂತೂ ನಮ್ಮ ಮನೆಯಲ್ಲಿ ಬೆಲೆ ಎಂದೂ ಇರಲಿಲ್ಲ. ಹೆಂಡತಿ ಕಣ್ಣೊರೆಸಿಕೊಂಡು ಎದ್ದಳು.

“ಇದನ್ನ ಸರಿ ಮಾಡೋಕೆ ಮೊದಲು ಇನ್ನೊಂದು ಕೆಲಸ ಇದೆ. ಸ್ವಲ್ಪ ಹೊತ್ತು ಮಾತಾಡಿಸಬೇಡಿ” ಎಂದಳು.

ಊಟದ ಮೇಜಿನ ಮುಂದೆ ಕೂತು ಹೊಸ ಪರೀಕ್ಷೆಯೊಂದನ್ನು ಬರೆದಳು. ಈ ಸಲ ಟೆಸ್ಟಮ್ಮನನ್ನು ನಡುಮನೆಯಲ್ಲಿ ಕೂರಿಸಲಿಲ್ಲ, ಗಡಿಯಾರ ನಿಲ್ಲಿಸಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ, ನಿಧಾನ ಕಲಿಸಿದಳು. ಮೊದಲ ನಂಬರಿಗೆ ತಡ ಮಾಡು, ಎರಡನೆಯದನ್ನು ಕೇಳು, ಬಂದದ್ದನ್ನು ಬಂದ ಹಾಗೇ ಒತ್ತು. ಬರೆದು ಮುಗಿಸಿ ದೊಡ್ಡಮ್ಮನನ್ನು ಕರೆತಂದು ಪರದೆಯ ಎದುರು ಕೂರಿಸಿದಳು. ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

“ನಾನು ಏನೂ ಮುಟ್ಟಲ್ಲ. ಇದು ಟೆಸ್ಟಮ್ಮ ಒತ್ತೋದು. ನೀನೇ ನೋಡು.”

ಪರದೆಯ ಮೇಲೆ ಪಾಸ್‌ವರ್ಡಿನ ಚುಕ್ಕೆಗಳು ತಾವಾಗಿಯೇ ಮೂಡಿದವು. ಆಮೇಲೆ ಏನೂ ಇಲ್ಲ. ಒಂದು ನಿಮಿಷ ಬರೀ ಕಾಯುವುದು. ನಾನು ಬಸ್ಸಿನ ಹಾರನ್ ಒತ್ತುವವನ ಹಾಗೆ ಚಡಪಡಿಸಿದೆ. ದೊಡ್ಡಮ್ಮ ಅಲ್ಲಾಡಲಿಲ್ಲ. ಅವಧಿ ಮುಗಿಯಿತು. ಹೊಸ ನಂಬರಿನ ಗುಂಡಿ ತಾನಾಗಿಯೇ ಒತ್ತಿಕೊಂಡಿತು. ಪರದೆಯಲ್ಲೇ ಪಕ್ಕದ ಇನ್ನೊಂದು ಕಿಟಕಿಯಲ್ಲಿ, ಟೆಸ್ಟಮ್ಮನಿಗೆ ಬಂದ ಎರಡನೇ ನಂಬರು ದೊಡ್ಡದಾಗಿ ಕಾಣಿಸಿತು. ದೊಡ್ಡಮ್ಮ ಅದನ್ನು ಜೋರಾಗಿ ಓದಿದರು. ಚೌಕಗಳಲ್ಲಿ ಅದೇ ಅಂಕಿಗಳು ಒಂದೊಂದಾಗಿ ಬಿದ್ದವು. ಅದನ್ನೂ ಓದಿದರು.

‘ನೀವು ನಮೂದಿಸಿದ ಸಂಖ್ಯೆ ತಪ್ಪಾಗಿದೆ.’

ಕೆಳಗೆ ಕೆಂಪು ಗೆರೆ ಬಂತು.

ದೊಡ್ಡಮ್ಮ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು.

“ಇವಳಿಗೆ ಮರೆವು ಇದೆಯಾ?”

“ಇವಳಿಗೆ ತಲೇನೇ ಇಲ್ಲ ದೊಡ್ಡಮ್ಮ. ಮರೆವು ಎಲ್ಲಿಂದ ಬರುತ್ತೆ?”

“ಬಂದ ನಂಬರನ್ನೇ ಒತ್ತಿದಳು.”

“ಹೌದು.”

“ಆದ್ರೂ ರಾಂಗ್ ನಂಬರ್ ಅಂತು.”

“ಅಂತು.”

“ಇನ್ನೊಂದು ಸಲ.”

ಇನ್ನೊಂದು ಸಲ ಓಡಿಸಿದಳು. ಬೇರೆ ನಂಬರು, ಅದೇ ಉತ್ತರ. ಮತ್ತೊಂದು ಸಲ. ಆಫೀಸಿನಲ್ಲಿ ಕೆಂಪು ಕಂಡರೆ ಉರಿದು ಬೀಳುವ ನನ್ನ ಹೆಂಡತಿ, ಪ್ರತಿ ಸಲ ಕೆಂಪು ಬಂದಾಗಲೂ ಪರೀಕ್ಷೆಯಲ್ಲಿ ಪಾಸಾದವಳ ಹಾಗೆ ಉಸಿರು ಬಿಡುತ್ತಿದ್ದಳು. ಮೂರನೇ ಸಲ ಬಂದಾಗ ದೊಡ್ಡಮ್ಮ ಎಡಗೈಯಿಂದ ಪರದೆ ಮುಟ್ಟಿದರು.

“ಪಾಪ, ಟೆಸ್ಟಮ್ಮ” ಎಂದರು. ಹಾಗೆಂದವರು ಸೋತ ಬಲಗೈಯನ್ನು ಎಡಗೈಯಿಂದ ಎತ್ತಿ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. ಲಕ್ವ ಹೊಡೆದ ದಿನವೂ ಅಳದಿದ್ದವರು. ಇವಳು ಅವರನ್ನು ತಬ್ಬಿಕೊಂಡಳು. ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋಗಿ ನನ್ನ ಪಾಲಿನದನ್ನು ಅತ್ತು ಮುಗಿಸಿದೆ.

ಚಹಾ ತಂದಾಗ ದೊಡ್ಡಮ್ಮ ಮುಖ ಒರೆಸಿಕೊಂಡು ನೆಟ್ಟಗೆ ಕೂತಿದ್ದರು.

“ಪುಟ್ಟಿ, ಇದು ಇನ್ನೂ ಯಾರ್ಯಾರಿಗೆ ಹೀಗಂದಿದೆ?”

ಆ ಪ್ರಶ್ನೆ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಆ ಸೈಟಿಗೆ ಬರುವವರೆಲ್ಲ ಕೈ ಸೋತವರು, ಮಾತು ಸೋತವರು, ತಲೆಗೆ ಪೆಟ್ಟು ಬಿದ್ದವರು. ಸೋಮವಾರ ಆಫೀಸಿನಲ್ಲಿ ತೆಗೆದು ನೋಡಿದರೆ, ಎರಡನೇ ನಂಬರು ಕೇಳಿ ಬಾಗಿಲು ಬಂದ್ ಆದವರು ಮೂವತ್ತಕ್ಕೂ ಮೇಲೆ. ಹೆಚ್ಚಿನವರು ಆಮೇಲೆ ಪ್ರಯತ್ನವನ್ನೇ ಬಿಟ್ಟಿದ್ದರು. ಅರ್ಜೆಂಟು ಮೊದಲು ಮುಖ ಸಿಂಡರಿಸಿದನಂತೆ. ಆಮೇಲೆ ಇವಳು ಆ ನಿಧಾನದ ಪರೀಕ್ಷೆಯನ್ನು ಅವನೆದುರು ಓಡಿಸಿ, ದೊಡ್ಡಮ್ಮ ಆಸ್ಪತ್ರೆಗೆ ಮಾಡಿದ ಫೋನಿನ ಸಂಗತಿ ಹೇಳಿದಾಗ, ಕುರ್ಚಿ ಎಳೆದು ಕೂತವನು ತಪ್ಪು ಸರಿಯಾಗುವ ತನಕ ಏಳಲಿಲ್ಲ. ಎಲ್ಲರಿಗೂ ಒಂದು ಸಂದೇಶ ಹಾಕಿಸಿದ, ‘ತಾಂತ್ರಿಕ ದೋಷವನ್ನು ಸರಿಪಡಿಸಲಾಗಿದೆ’ ಎಂದು.

“ಅದನ್ನ ಎಲ್ಲಿ ಓದಬೇಕು?” ದೊಡ್ಡಮ್ಮ ಕೇಳಿದರು.

“ಸೈಟಿನೊಳಗೆ ಹೋದ ಕೂಡಲೇ ಕಾಣುತ್ತೆ” ಎಂದ ಇವಳು ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡಳು. ದೊಡ್ಡಮ್ಮ ಲಕ್ವ ಹೊಡೆದ ಮೇಲೆ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನ ಬೆಳಗಿನ ಟ್ರಿಪ್ ಮುಗಿಸಿ ನಾನೇ ಅವರನ್ನು ಚಿಕಿತ್ಸಾ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಹೆಂಡತಿ ಲ್ಯಾಪ್‌ಟಾಪು ಹಿಡಿದು ಜೊತೆಗೆ ಬಂದಳು. ಥೆರಪಿಸ್ಟ್ ಹುಡುಗಿ ಅದರಲ್ಲಿ ಉಳಿಸಿಟ್ಟಿದ್ದ ಶನಿವಾರದ ಕೆಂಪು ಗೆರೆಯನ್ನು ನೋಡಿ ಬಿಳಿಚಿಕೊಂಡಳು. ಅವಳೂ ಏನು ಮಾಡಿಯಾಳು, ಅವಳಿಗೆ ಕಂಡದ್ದು ಪರದೆ ಹೇಳಿದ್ದಷ್ಟೇ. ದೊಡ್ಡಮ್ಮ ಅವಳ ಕೈ ತಟ್ಟಿ, ಆ ಮೂವತ್ತು ಚಿಲ್ಲರೆ ಜನರಿಗೂ ತಾವೇ ಫೋನು ಮಾಡುವುದಾಗಿ ಹೇಳಿದರು. ಹುಡುಗಿ ಮೇಲಿನವರ ಒಪ್ಪಿಗೆ ಕೇಳಿ ಬಂದು, ತನ್ನ ಮೇಜನ್ನೇ ಬಿಟ್ಟುಕೊಟ್ಟಳು. ನಂಬರುಗಳನ್ನು ತಾನೇ ಒತ್ತಿ ಕೊಡುತ್ತೇನೆ ಎಂದಳು.

“ನೀನು ಓದಮ್ಮ, ಸಾಕು. ಒತ್ತೋದು ನಾನೇ.”

ಒಂದೊಂದು ಅಂಕಿಯನ್ನೂ ಬಾಯಲ್ಲಿ ಹೇಳುತ್ತ ಒತ್ತಿದರು. ರಿಸೀವರನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿದ ರೀತಿ ನೋಡಿದರೆ ಆಕೆ ಒಂದು ದಿನವೂ ಕೆಲಸ ಬಿಟ್ಟವರಂತೆ ಕಾಣಲಿಲ್ಲ. ಮೊದಲ ಕೆಲವರು ಥ್ಯಾಂಕ್ಸ್ ಹೇಳಿ ಇಟ್ಟರು. ಆಮೇಲೆ ಸಿಕ್ಕಿದವರು ಯಾರೋ ಗಂಡಸು, ಮಾತು ತಡವರಿಸುತ್ತಿತ್ತು. ಕೋಣೆ ಚಿಕ್ಕದು, ಆ ಕಡೆಯ ದನಿ ನಮಗೂ ಕೇಳುತ್ತಿತ್ತು.

“ನಾನು… ನಾನು ಕಂಪ್ಯೂಟರ್ ಮುಟ್ಟೋದು ಬಿಟ್ಟಿದೀನಮ್ಮ. ನನಗೆ… ತಲೆ ಸರಿ ಇಲ್ಲ.”

“ಯಾರು ಹಾಗಂದೋರು?”

“ಅದೇ ಅಂತು. ತಪ್ಪು, ತಪ್ಪು ಅಂತ. ದಿನಾ. ಮಗಳು ಈಗ… ಒಲೆ ಹಚ್ಚೋಕೂ ಬಿಡಲ್ಲ.”

“ನೀವು ಒತ್ತಿದ ನಂಬರ್ ಸರಿಯಾಗೇ ಇತ್ತು. ಎಲ್ಲಾ ದಿನವೂ ಸರಿಯಾಗೇ ಇತ್ತು. ತಪ್ಪಿದ್ದು ನಮ್ಮ ಕಡೆ. ನನಗೂ ಹಾಗೇ ಅಂದಿತ್ತು, ನಾನೂ ನಂಬಿಬಿಟ್ಟಿದ್ದೆ.”

ಆ ಕಡೆಯಿಂದ ಗಂಡಸು ಅಳುವ ಸದ್ದು ಬಂತು. ದೊಡ್ಡಮ್ಮ ರಿಸೀವರನ್ನು ಇನ್ನಷ್ಟು ಹತ್ತಿರ ಒತ್ತಿಕೊಂಡರು.

“ಅವಸರ ಇಲ್ಲಪ್ಪ. ನಾನು ಲೈನಲ್ಲೇ ಇದೀನಿ.”

ಬಾಗಿಲ ಹತ್ತಿರ ನಿಂತಿದ್ದ ಥೆರಪಿಸ್ಟ್ ಕಣ್ಣೊರೆಸಿಕೊಂಡು ಮೆಲ್ಲಗೆ ಮುಂದೆ ಬಂದಳು. “ಅಮ್ಮಾ, ಮರೆವಿನ ಪರೀಕ್ಷೆ ಏನೂ ಬೇಡ. ಆಸ್ಪತ್ರೆಗೆ ಈಗಲೇ ಫೋನ್ ಮಾಡಿ ಹೇಳ್ತೀನಿ, ನಿಮ್ಮ ಕುರ್ಚಿ ಬೇರೆಯವರಿಗೆ ಕೊಡಬೇಡಿ ಅಂತ. ಒಂದು ನಿಮಿಷ ಫೋನ್ ಕೊಡ್ತೀರಾ?”

ದೊಡ್ಡಮ್ಮ ಎಡಗೈಯನ್ನು ರಿಸೀವರಿನ ಬಾಯಿಗೆ ಅಡ್ಡ ಹಿಡಿದು, ತಲೆಯೆತ್ತಿ ಅವಳನ್ನು ನೋಡಿದರು.

“ಆಮೇಲೆ ಮಾಡಮ್ಮ” ಎಂದರು. “ಈಗ ಲೈನ್ ಬಿಜಿ ಇದೆ.”